ಹೆಂಟೆಗುಡ್ಡದ ಬಳಸುದಾರಿ

ಕಕ್ಕೆಹಾಳು ಮತ್ತು ಎರೆಗೊಂದಿ ಎಂಬ ಎರಡು ಊರುಗಳ ನಡುವೆ, ಎಲ್ಲೆಯ ಗುಂಟ, ಒಂದು ಗಾಡಿದಾರಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ದಕ್ಷಿಣದ ತುದಿಯಲ್ಲಿ ಆನೆಬಂಡೆ, ಉತ್ತರದ ತುದಿಯಲ್ಲಿ ಜೋಡಿಹುಣಸೆ. ಎಡಕ್ಕೆ ಕಕ್ಕೆಹಾಳಿನ ಕೆಂಪು ನೆಲ, ಬಲಕ್ಕೆ ಎರೆಗೊಂದಿಯ ಕಪ್ಪು ನೆಲ. ದಾರಿ ಬಹಳ ದೂರ ನೇರವಾಗಿ ಬಂದು, ನಡುವೆ ಒಂದು ಕಡೆ ಎಡಕ್ಕೆ ಹೊರಳಿ, ಸುಮಾರು ನೂರಿಪ್ಪತ್ತು ಹೆಜ್ಜೆ ಬಳಸಿ, ಮತ್ತೆ ಮೊದಲಿನ ನೇರಕ್ಕೆ ಸೇರುತ್ತದೆ. ಆ ಬಾಗಿನ ಒಳಗೆ, ಬಲಗಡೆ, ಬೇಸಿಗೆಯಲ್ಲೂ ಬತ್ತದ ಒಂದು ಒರತೆ ಇದೆ. ಅದರ ಪಕ್ಕದಲ್ಲಿ ಎದೆಯೆತ್ತರದ ಒಂದು ವೀರಗಲ್ಲು. ಬಾಗಿನ ತುದಿಯಲ್ಲಿ, ಎರಡಾಳೆತ್ತರಕ್ಕೆ, ಬರಿಯ ಮಣ್ಣಿನ ಒಂದು ದಿಬ್ಬವಿದೆ. ಸುತ್ತಲಿನ ಗುಡ್ಡಗಳೆಲ್ಲ ಕಲ್ಲುಗುಡ್ಡಗಳು. ಇದರಲ್ಲಿ ಮಾತ್ರ ಒಂದು ಕಲ್ಲೂ ಇಲ್ಲ. ಒಂದು ಪದರ ಕೆಂಪು, ಒಂದು ಪದರ ಕಪ್ಪು, ಮತ್ತೆ ಕೆಂಪು. ಹೊಸಬರು ಇದನ್ನು ಯಾರೋ ಕೆರೆಯ ಹೂಳು ತಂದು ಸುರಿದದ್ದು ಎಂದುಕೊಳ್ಳುತ್ತಾರೆ. ಊರಿನವರು ಇದನ್ನು ಹೆಂಟೆಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಎಲ್ಲೆಯ ಜಗಳ ಹುಟ್ಟಿದರೆ ಅದನ್ನು ತೀರಿಸುವುದಕ್ಕೆ ಒಂದು ಕಟ್ಟಳೆ ಇತ್ತು. ಊರಿನ ಹದ್ದು ಎಲ್ಲಿಂದ ಎಲ್ಲಿಗೆ ಎಂಬುದು ಊರ ಚಾಕರಿಯವನಾದ ಕುಳವಾಡಿಗೆ ಗೊತ್ತಿರಬೇಕು; ಅದು ಅವನ ಕೆಲಸ, ಅವನ ಅಪ್ಪನಿಂದ ಬಂದದ್ದು. ಜಗಳ ಬಿದ್ದ ಜಾಗದಿಂದ ಒಂದು ಹೆಂಟೆ ಮಣ್ಣನ್ನು ಅಗೆದು ತಂದು, ಎರಡೂ ಊರಿನವರ ಎದುರಿಗೆ ಮುತ್ತುಗದ ಎಲೆಯ ಸಿಂಬಿಯ ಮೇಲೆ ಅವನ ತಲೆಗೆ ಇಡುತ್ತಿದ್ದರು. ಕುಳವಾಡಿ ಸ್ನಾನ ಮಾಡಿ, ಬೇವಿನ ಸೊಪ್ಪಿನ ಹಾರ ಹಾಕಿ, ಕೈ ಮುಗಿದುಕೊಂಡು ನಡೆಯಬೇಕು. ನಡೆಯುವಾಗ ಹೆಂಟೆಯನ್ನು ಕೈಯಿಂದ ಮುಟ್ಟಬಾರದು. ಎರಡೂ ಊರಿನ ಗಂಡಸರು ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತ, ಅವನು ನಡೆದ ದಾರಿಯಲ್ಲಿ ಬೆಣಚುಕಲ್ಲು ಇಡುತ್ತ ಹೋಗಬೇಕು. ಬೇರೆ ದಿನಗಳಲ್ಲಿ ಊರ ಬಾಗಿಲ ಹೊರಗೆ ನಿಲ್ಲುವವನ ಹಿಂದೆ ಗೌಡನೂ ಅಂದು ಬರಿಗಾಲಲ್ಲಿ ಬರಬೇಕು. ಹೆಂಟೆ ಕೊನೆಯವರೆಗೆ ನಿಂತರೆ ಅವನು ನಡೆದದ್ದೇ ಎಲ್ಲೆ. ನಡುವೆ ಒಡೆದು ಬಿದ್ದರೆ ಅವನ ಹೆಜ್ಜೆ ಸುಳ್ಳು. ಸುಳ್ಳು ನಡೆದವನ ಮನೆಯ ದೀಪ ನಲವತ್ತು ದಿನದಲ್ಲಿ ಆರುತ್ತದೆ ಎಂಬ ನಂಬಿಕೆ ಇತ್ತು. ದೀಪ ಎಂದರೆ ಮಗ.

ಕಕ್ಕೆಹಾಳಿನ ಕುಳವಾಡಿ ಮೈಲ. ಅವನಿಗೆ ಹತ್ತು ವರ್ಷವಿದ್ದಾಗ ಅವನ ಅಪ್ಪ ಅವನನ್ನು ಆನೆಬಂಡೆಯಿಂದ ಜೋಡಿಹುಣಸೆಯವರೆಗೆ ನಡೆಸಿದ್ದನು. ಪ್ರತಿ ಎಲ್ಲೆಕಲ್ಲಿನ ಬಳಿಯೂ ಬಾಯಿಗೆ ಒಂದು ಚೂರು ಬೆಲ್ಲ ಹಾಕಿದ್ದನು. ಒರತೆಯ ಹತ್ತಿರ ಎಲ್ಲೆ ಎಡಕ್ಕೆ ಹೊರಳುತ್ತದೆ. ಆದರೆ ಅಲ್ಲಿಯ ನೆಲ ಜೌಗು, ಕಲ್ಲು ನೆಟ್ಟರೆ ಎರಡು ಮಳೆಗಾಲಕ್ಕೆ ಮುಳುಗಿ ಹೋಗುತ್ತಿತ್ತು. ಕಲ್ಲಿಲ್ಲದ ಆ ಜಾಗದಲ್ಲಿ ಅಪ್ಪ ಬೆಲ್ಲ ಕೊಡಲಿಲ್ಲ. ಹುಡುಗನ ಬಲಗಿವಿಯನ್ನು ಹಿಡಿದು, ಅವನು ಅಳುವವರೆಗೂ ಹಿಂಡಿದನು. ಅಳು ನಿಂತ ಮೇಲೆ ಎರಡು ಮಾತು ಹೇಳಿದನು. ಕಲ್ಲು ಮುಳುಗುತ್ತದೆ, ಈ ನೋವು ಮುಳುಗುವುದಿಲ್ಲ ಎಂಬುದು ಒಂದು. ತಲೆಯ ಮೇಲೆ ಮಣ್ಣಿರುವಾಗ ನೀನು ಯಾವ ಊರಿನವನೂ ಅಲ್ಲ ಎಂಬುದು ಇನ್ನೊಂದು. ಹೀಗೆ, ಒರತೆ ಬಾಗಿನ ಒಳಗೆ, ಎರೆಗೊಂದಿಯ ಪಾಲಿಗೆ ಸೇರಿದ್ದು ಎಂಬುದನ್ನು ಮೈಲ ಕಿವಿಯ ನೋವಿನಿಂದ ಅರಿತಿದ್ದನು. ಅಪ್ಪ ಸತ್ತ ಮೇಲೆ ಕಕ್ಕೆಹಾಳಿನಲ್ಲಿ ಅದನ್ನು ಅರಿತವನು ಅವನೊಬ್ಬನೇ ಉಳಿದನು.

ಮೈಲನ ನಡುವಯಸ್ಸಿನಲ್ಲಿ ಕಕ್ಕೆಹಾಳಿನ ದನ ಹೆಚ್ಚಿದವು. ಊರಿನ ಗೌಡ ಮಲ್ಲನಗೌಡ ಒಂದು ದಿನ ಕಟ್ಟೆಯ ಮೇಲೆ ಕುಳಿತು, ಆನೆಬಂಡೆಗೂ ಜೋಡಿಹುಣಸೆಗೂ ಹಗ್ಗ ಹಿಡಿದರೆ ಒರತೆ ನಮ್ಮ ಕಡೆಗೇ ಬರುತ್ತದೆ ಎಂದನು. ಎಲ್ಲರೂ ಹೌದೆಂದರು. ಮೈಲ ಕಟ್ಟೆಯ ಕೆಳಗೆ, ದೂರದಲ್ಲಿ, ಕೈಕಟ್ಟಿ ನಿಂತಿದ್ದನು. ಅವನನ್ನು ಯಾರೂ ಕೇಳಲಿಲ್ಲ. ಕೇಳದೆ ಹೇಳುವುದು ಕುಳವಾಡಿಯ ಕೆಲಸವಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡು ಮನೆಗೆ ಬಂದನು. ಅವನ ಒಬ್ಬನೇ ಮಗ ಪಾಲನೂ ಅಂದು ಅಲ್ಲಿದ್ದನು. ಹತ್ತೊಂಬತ್ತರ ವಯಸ್ಸು. ಆ ಒರತೆಯ ಮೇಲಿನ ಗುಂಡಿಗೆ ಬಿಂದಿಗೆ ಅದ್ದುವ ಹಕ್ಕು ಕುಳವಾಡಿಯ ಮನೆಯವರಿಗೆ ಇರಲಿಲ್ಲ. ಕೆಳಗೆ ಹರಿದು ಬಂದದ್ದನ್ನು ಅವರು ತುಂಬಿಕೊಳ್ಳಬೇಕಿತ್ತು. ಆದರೂ ಒರತೆ ನಮ್ಮದು ಎಂದು ನಂಬಿ, ಎರಡು ತಿಂಗಳ ಮೇಲೆ, ದನ ಅಟ್ಟಿಕೊಂಡು ಹೋದವರ ಜೊತೆ ಪಾಲನೂ ಕೋಲು ಹಿಡಿದು ಹೋದನು. ಎರೆಗೊಂದಿಯವರು ಅಡ್ಡಗಟ್ಟಿದರು. ಕಾಟಯ್ಯ ಎಂಬವನ ಬಡಿಗೆ ಪಾಲನ ತಲೆಗೆ ಬಿತ್ತು. ಅವನು ಒರತೆಯ ದಡದಲ್ಲೇ ಸತ್ತನು. ಹದಿಮೂರನೆಯ ದಿನ ಮಲ್ಲನಗೌಡ ನಲವತ್ತು ಆಳುಗಳ ಕಾವಲಿನಲ್ಲಿ ಅಲ್ಲೇ ವೀರಗಲ್ಲು ನಿಲ್ಲಿಸಿದನು. ಅದು ಸತ್ತವನಿಗೆ ಗೌರವವೂ ಆಯಿತು, ನೆಲಕ್ಕೆ ಹೊಡೆದ ಗೂಟವೂ ಆಯಿತು. ಪಾಲನ ತಾಯಿ ಬೋರಕ್ಕ ಅಂದಿನಿಂದ ಪ್ರತಿ ಸೋಮವಾರ ಅಲ್ಲಿಗೆ ಹೋಗಿ ದೀಪವಿಟ್ಟು ಬರುತ್ತಿದ್ದಳು. ಎರೆಗೊಂದಿಯವರು ಅವಳನ್ನು ತಡೆಯಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಕಕ್ಕೆಹಾಳಿನವರು ಸೇಡಿಗೆ ಸಿದ್ಧರಾದರು. ಕಮ್ಮಾರನ ಕುಲುಮೆ ಒಂದು ವಾರ ಆರಲಿಲ್ಲ. ಆಗ ಎರೆಗೊಂದಿಯ ಯಜಮಾನ ತಿಪ್ಪಯ್ಯನಿಂದ ಒಂದು ಮಾತು ಬಂತು: ಎಲ್ಲೆ ನಡೆಸೋಣ, ನಮ್ಮ ಕುಳವಾಡಿ ಬೇಡ, ನಿಮ್ಮ ಮೈಲನೇ ನಡೆಯಲಿ, ಅವನು ನಡೆದದ್ದಕ್ಕೆ ನಾವು ಒಪ್ಪುತ್ತೇವೆ. ಮಲ್ಲನಗೌಡನಿಗೆ ನಗು ತಡೆಯಲಾಗಲಿಲ್ಲ. ಎರೆಗೊಂದಿಯಲ್ಲೇ ಕೆಲವರು ತಿಪ್ಪಯ್ಯನ ಮೇಲೆ ತಿರುಗಿಬಿದ್ದರು. ಮಗನನ್ನು ಕೊಂದವರ ಪರವಾಗಿ ಯಾರಾದರೂ ನಡೆದಾರೆಯೇ, ಆರಿಹೋದ ದೀಪದವನಿಗೆ ಇನ್ನು ಯಾವುದರ ಭಯ ಎಂದು ಕೇಳಿದರು. ತಿಪ್ಪಯ್ಯ ಎಲೆಯಡಿಕೆ ಉಗಿದು, “ಭಯಕ್ಕೆ ನಿಜ ಹೇಳೋನು ಬೇಕಾಗಿದ್ರೆ ನಿಮ್ಮಲ್ಲೇ ಒಬ್ಬನ್ನ ಕಳಿಸ್ತಿದ್ದೆ” ಎಂದನಂತೆ.

ಮಲ್ಲನಗೌಡ ಮೈಲನನ್ನು ಕರೆಸಿಕೊಂಡನು. ಅವನು ಬೆದರಿಸಲೂ ಇಲ್ಲ, ಆಸೆ ತೋರಿಸಲೂ ಇಲ್ಲ. “ಮೈಲ, ಅದು ನಿನ್ನ ಮಗ ಬಿದ್ದ ಜಾಗ. ನಿನ್ನ ಕಾಲಿಗೆ ನಾನು ದಾರಿ ಹೇಳಿಕೊಡಬೇಕೇನೋ?” ಎಂದು ಕೇಳಿದನು.

“ದಾರಿ ನಮ್ಮಪ್ಪ ತೋರಿಸವ್ನೆ, ಗೌಡ್ರೇ” ಎಂದನು ಮೈಲ.

ಗೌಡನಿಗೆ ಸಮಾಧಾನವಾಯಿತು. ಆದರೆ ಒರತೆಯ ಬಳಿಯ ಮಣ್ಣು ಮರಳು ಬೆರೆತದ್ದು, ಬಿಸಿಲಿಗೆ ಉದುರುವಂಥದ್ದು. ತನ್ನ ಪರವಾಗಿ ನಡೆಯುವವನ ತಲೆಯ ಮೇಲೆ ಅದು ಒಡೆಯಬಾರದು ಎಂದು ಅವನು ತನ್ನ ಹೊಲದ ಕೆಮ್ಮಣ್ಣಿಗೆ ಜಾಲಿಯ ಅಂಟು ಕಲಸಿ, ಒಂದು ಹೆಂಟೆಯನ್ನು ಮೊದಲೇ ಕಟ್ಟಿಸಿ, ಮೇಲೆ ಒರತೆಯ ಮರಳು ಉದುರಿಸಿ ಇಡಿಸಿದನು.

ಮೈಲ ಮನೆಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಬೋರಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅವನು ಅವಳ ಎದುರಿಗೆ ಕುಳಿತು, ಎಲ್ಲೆ ಒರತೆಯ ಹತ್ತಿರ ಎಡಕ್ಕೆ ಹೊರಳುತ್ತದೆ ಎಂಬುದನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದನು. ಮೊರ ನಿಂತಿತು. ಹಾಗಾದರೆ ತನ್ನ ಮಗ ಬೇರೆಯವರ ನೀರಿಗೆ ಹೋಗಿ ಸತ್ತನೇ ಎಂದು ಅವಳು ಕೇಳಿದಳು. ಅವನು ಹೌದೆಂದನು. ನಾಳೆ ಎರಡೂರಿನ ಎದುರು ಅದನ್ನೇ ನಡೆದು ತೋರಿಸುತ್ತೀಯಾ, ಊರಿಗಾಗಿ ಸತ್ತವನ ಕಲ್ಲನ್ನು ಕಳ್ಳನ ಕಲ್ಲು ಮಾಡುತ್ತೀಯಾ ಎಂದಳು. ಅದಕ್ಕೂ ಅವನು ಹೌದೆಂದನು. ಇಷ್ಟು ಹೊತ್ತು ಅವಳ ದನಿ ಏರಿರಲಿಲ್ಲ. ಕೊನೆಯ ಮಾತಿಗೆ ಅದು ಇನ್ನೂ ಇಳಿಯಿತು.

“ಅವತ್ತು ಕಟ್ಟೆ ಮುಂದೆ ಯಾಕೆ ಹೇಳ್ಲಿಲ್ಲ?”

“ನನ್ನ ಯಾರೂ ಕೇಳ್ಲಿಲ್ಲ.”

“ಅವನು ಕೋಲು ತಗೊಂಡು ಹೊರಟಾಗ? ಅವಾಗ್ಲೂ ಯಾರಾದ್ರೂ ಕೇಳ್ಬೇಕಾಗಿತ್ತಾ?”

ಬೋರಕ್ಕ ಮೊರದಲ್ಲಿದ್ದ ರಾಗಿಯನ್ನು ಮತ್ತೆ ಕೇರತೊಡಗಿದಳು. ಹೊಟ್ಟು ಹೋದ ಮೇಲೂ ಬಹಳ ಹೊತ್ತು ಕೇರಿದಳು. ಮರುದಿನ ಬೆಳಿಗ್ಗೆ, ಕಟ್ಟಳೆಯಂತೆ ಹೆಂಡತಿ ಹುಯ್ಯಬೇಕಾದ ಸ್ನಾನದ ನೀರನ್ನು ಅವನು ತಾನೇ ತಲೆಗೆ ಸುರಿದುಕೊಂಡನು. ಅಂದು ಸೋಮವಾರ. ಅವಳು ದೀಪದ ಎಣ್ಣೆ ಮತ್ತು ಒಂದು ಚಿಕ್ಕ ಗಡಿಗೆ ತೆಗೆದುಕೊಂಡು ಅವನಿಗಿಂತ ಮೊದಲೇ ಮನೆ ಬಿಟ್ಟಿದ್ದಳು.

ಆನೆಬಂಡೆಯ ಬುಡದಲ್ಲಿ ಎರಡೂ ಊರು ಸೇರಿದವು. ಕೊಡಲಿ, ಭರ್ಜಿ, ಕವಣೆ ಯಾವುದನ್ನೂ ಯಾರೂ ಮರೆಮಾಡಿರಲಿಲ್ಲ. ಎರೆಗೊಂದಿಯ ಗುಂಪಿನ ಮುಂದೆ ಕಾಟಯ್ಯ ನಿಂತಿದ್ದನು. ಕೈಯಲ್ಲಿ ಅದೇ ಬಡಿಗೆಯೋ ಬೇರೆಯದೋ, ಮೈಲ ಅತ್ತ ನೋಡಲಿಲ್ಲ. ಮಲ್ಲನಗೌಡನ ಆಳು ಎಲೆ ಮುಚ್ಚಿದ ಹೆಂಟೆಯನ್ನು ತಂದು ಮೈಲನ ಕೈಗಿಟ್ಟನು. ಕೈಗೆ ಬಂದ ಕೂಡಲೇ ಅವನಿಗೆ ತೂಕ ತಿಳಿಯಿತು, ಅಂಟಿನ ವಾಸನೆ ತಿಳಿಯಿತು. ಈ ಹೆಂಟೆ ಎತ್ತ ನಡೆದರೂ ಒಡೆಯುವುದಿಲ್ಲ. ಎಡಕ್ಕೆ ಹೊರಳಿದರೂ ಒಡೆಯುವುದಿಲ್ಲ. ಇದನ್ನು ಹೊತ್ತು ನಿಜದ ದಾರಿಯಲ್ಲಿ ನಡೆದರೆ ತನ್ನ ತಲೆ ಉಳಿಯುತ್ತದೆ, ಒಬ್ಬರೂ ಎದುರು ಮಾತಾಡುವಂತಿಲ್ಲ. ಅವನು ಒಂದು ಗಳಿಗೆ ಅದನ್ನು ಹಿಡಿದೇ ನಿಂತನು ಎನ್ನುತ್ತಾರೆ. ಆಮೇಲೆ ಬಗ್ಗಿ ಅದನ್ನು ನೆಲದ ಮೇಲೆ ಮೆಲ್ಲನೆ ಇಟ್ಟನು.

“ಇದು ಆ ಜಾಗದ ಮಣ್ಣಲ್ಲ, ಗೌಡ್ರೇ. ಯಾರೋ ತಪ್ಪಿ ತಂದವ್ರೆ” ಎಂದನು.

ಅಷ್ಟೇ ಹೇಳಿದನು. ತಿಪ್ಪಯ್ಯ ಬಂದು ಹೆಂಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಬೆರಳು ಮೂಸಿ, ಮಲ್ಲನಗೌಡನ ಮುಖ ನೋಡಿದನು. ಊರಿಗೊಬ್ಬರಂತೆ ಇಬ್ಬರು ಹೋಗಿ ಒರತೆಯ ದಡದಿಂದ ಹೊಸ ಹೆಂಟೆ ಅಗೆದು ತಂದರು. ತರುವ ದಾರಿಯಲ್ಲೇ ಅದರಿಂದ ಒಂದು ಹಿಡಿ ಉದುರಿತ್ತು.

ಮೈಲ ನಡೆದನು. ಹೆಂಟೆ ಮೊದಲು ತಣ್ಣಗಿತ್ತು. ಹೊತ್ತು ಏರಿದಂತೆ ಅದರ ತೇವ ಹೋಗಿ ಮರಳು ಒಂದೊಂದೇ ಕಾಳಾಗಿ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಬೀಳತೊಡಗಿತು. ಮುಗಿದ ಕೈ ಬಿಡಿಸುವಂತಿರಲಿಲ್ಲ. ಹಿಂದಿನಿಂದ ಬೆಣಚುಕಲ್ಲು ನೆಲಕ್ಕೆ ತಾಗುವ ಸದ್ದು, ನೂರಾರು ಬರಿಗಾಲಿನ ಸದ್ದು. ನೇರ ದಾರಿ ಇರುವಷ್ಟು ದೂರ ಯಾರಿಗೂ ಅವಸರವಿರಲಿಲ್ಲ. ಕಕ್ಕೆಹಾಳಿನ ಕಡೆಯಿಂದ ಯಾರೋ ಎರೆಗೊಂದಿಯವರನ್ನು ಕುರಿತು, ನಾಳೆಯಿಂದ ನೀರಿಲ್ಲ, ನಿಮ್ಮ ಎಮ್ಮೆಗಳಿಗೆ ಮಜ್ಜಿಗೆ ಕುಡಿಸಿ ಎಂದು ಅಣಕಿಸಿದನು. ದೂರದಲ್ಲಿ ವೀರಗಲ್ಲು ಕಾಣಿಸಿತು, ಅದರ ಪಕ್ಕದಲ್ಲಿ ಕುಳಿತ ಬೋರಕ್ಕ ಕಾಣಿಸಿದಳು. ಇನ್ನು ಮೂವತ್ತು ಹೆಜ್ಜೆ ನೇರ ಹೋದರೆ ಮಗನ ಕಲ್ಲು ತನ್ನ ಊರಿನಲ್ಲಿ ಉಳಿಯುತ್ತದೆ. ಮೈಲನ ಬಲಗಿವಿ ಬಿಸಿಯಾಯಿತು. ಅವನು ಎಡಕ್ಕೆ ಹೊರಳಿದನು.

ಹಿಂದಿನ ಕಾಲ್ಸದ್ದು ನಿಂತಿತು. ಕುಳವಾಡಿಗೆ ಬಿಸಿಲು ನೆತ್ತಿಗೇರಿದೆ, ದಾರಿ ತಪ್ಪಿದ್ದಾನೆ ಎಂದು ಒಬ್ಬ ನಕ್ಕನು. ಎರಡನೆಯ ಹೆಜ್ಜೆ, ಹತ್ತನೆಯ ಹೆಜ್ಜೆ ಆದ ಮೇಲೆ ನಗು ಉಳಿಯಲಿಲ್ಲ. ಕೈಲಿದ್ದ ಬೆಣಚುಕಲ್ಲನ್ನು ಇಡಬೇಕೋ ಬೇಡವೋ ತಿಳಿಯದೆ ಕಕ್ಕೆಹಾಳಿನವರು ನಿಂತರು, ಎರೆಗೊಂದಿಯವರು ಇಟ್ಟರು. ಮಲ್ಲನಗೌಡ ಅವನ ಹೆಸರು ಹಿಡಿದು ಒಮ್ಮೆ ಕೂಗಿದನು. ಮೈಲ ತಿರುಗಲಿಲ್ಲ. ಆಗ ಕಕ್ಕೆಹಾಳಿನ ಕಡೆಯಿಂದಲೇ ಒಂದು ಕವಣೆ ಕಲ್ಲು ಬಂದು ಅವನ ಬೆನ್ನಿಗೆ ಬಡಿಯಿತು. ಅವನು ತತ್ತರಿಸಿ, ಮೊಣಕಾಲು ಊರದೆ, ಮತ್ತೆ ನೆಟ್ಟಗಾದನು. ಇನ್ನೂ ನಾಲ್ಕು ಹೆಜ್ಜೆ ಇಟ್ಟನು. ಬಾಗಿನ ತುದಿಗೆ, ಅಪ್ಪ ಕಿವಿ ಹಿಂಡಿದ ಜಾಗಕ್ಕೆ ಸರಿಯಾಗಿ ಬಂದಾಗ ಹೆಂಟೆ ನಡುವೆ ಸೀಳಿತು. ಅರ್ಧ ಎಡ ಭುಜದ ಮೇಲಿಂದ, ಅರ್ಧ ಬಲ ಭುಜದ ಮೇಲಿಂದ ಕೆಳಗೆ ಬಿದ್ದು ಪುಡಿಯಾಯಿತು.

ಸುಳ್ಳು ಎಂಬ ಕೂಗು ಎದ್ದಿತು. ಕಕ್ಕೆಹಾಳಿನವರ ಕೊಡಲಿಗಳು ಮೇಲೆದ್ದವು, ಎರೆಗೊಂದಿಯವರು ಅರ್ಧಚಂದ್ರವಾಗಿ ಹರಡಿಕೊಂಡರು. ಎರಡರ ನಡುವೆ ಮೈಲ ತಲೆಯ ಮೇಲೆ ಬರಿಯ ಸಿಂಬಿ ಹೊತ್ತು ನಿಂತಿದ್ದನು. ನುಗ್ಗಿ ಬಂದವರಲ್ಲಿ ಯಾರೋ ಊರಿದ ಒಂದು ಭರ್ಜಿ ಅವನ ಕೈಗೆ ಎಟುಕುವಂತೆ ನೆಟ್ಟಿತ್ತು, ಅದನ್ನು ಕೀಳಲಿಲ್ಲ. ಓಡಲೂ ಇಲ್ಲ. ಮೊದಲು ಕೈ ಬಿಡಿಸಿ ಕಣ್ಣಿನ ಮರಳು ಒರೆಸಿಕೊಂಡನು. ಅವನ ದನಿ ಅಷ್ಟು ದೂರ ಕೇಳಿಸಿದ್ದು ಅದೇ ಮೊದಲು ಎನ್ನುತ್ತಾರೆ.

“ಹೆಂಟೆ ಒಡೆದಿದ್ದು ಸುಳ್ಳಿಗೇ ಸೈ. ಇವತ್ತಿನ ಸುಳ್ಳಿಗಲ್ಲ. ಹೋದ ವರ್ಷ ಕಟ್ಟೆ ಮುಂದೆ ನಾನು ಬಾಯಿ ಮುಚ್ಕೊಂಡು ನಿಂತಿದ್ದೆ. ಎಲ್ಲೆ ಇಲ್ಲಿ ಹೊರಳುತ್ತೆ ಅಂತ ಗೊತ್ತಿತ್ತು, ಹೇಳ್ಲಿಲ್ಲ. ನನ್ನ ಮಗ ಗೊತ್ತಿಲ್ದೆ ಬಂದ, ಗೊತ್ತಿಲ್ದೆ ಸತ್ತ. ಅವನು ಕಳ್ಳ ಅಲ್ಲ. ಕಾಟಯ್ಯ ಹೊಡ್ದ, ಆದ್ರೆ ಅವನನ್ನ ಇಲ್ಲಿಗೆ ಕಳಿಸಿದ್ದು ನಾನು. ಇನ್ನು ಇದೇ ದಾರೀಲಿ ಜೋಡಿಹುಣಸೆಗಂಟ ನಡೀತೀನಿ. ಹೊಡಿಯೋರು ಹೊಡೀರಿ, ನಾನು ಕೈ ಎತ್ತಲ್ಲ.”

ಯಾರೂ ಹೊಡೆಯಲಿಲ್ಲ, ಯಾರೂ ಕೊಡಲಿ ಇಳಿಸಲೂ ಇಲ್ಲ. ಆಗ ಬೋರಕ್ಕ ಎದ್ದು ಬರುವುದು ಎಲ್ಲರಿಗೂ ಕಾಣಿಸಿತು. ಎಲ್ಲೆ ನಡೆಯುವಲ್ಲಿಗೆ ಹೆಂಗಸರು ಬರುವಂತಿರಲಿಲ್ಲ. ಅವಳು ದಾರಿಯಲ್ಲಿ ಒರತೆಯ ಮೇಲಿನ ಗುಂಡಿಗೇ ಗಡಿಗೆ ಅದ್ದಿ ತುಂಬಿಕೊಂಡಳು. ಬೇಡ ಎನ್ನಲು ಅಂದು ಒಬ್ಬರಿಗೂ ಬಾಯಿ ಬರಲಿಲ್ಲ. ಗಂಡನ ಎದುರಿಗೆ ಬಂದು ಕುಳಿತು, ಪುಡಿಯಾದ ಮಣ್ಣನ್ನೆಲ್ಲ ಎರಡು ಕೈಯಿಂದ ಬಾಚಿ, ನೀರು ಹುಯ್ದು, ರಾಗಿಯ ಹಿಟ್ಟು ನಾದುವ ಹಾಗೆ ನಾದತೊಡಗಿದಳು. ಕಟ್ಟಳೆಯಲ್ಲಿ ಇದಕ್ಕೆ ಅವಕಾಶವುಂಟೇ ಎಂದು ಮಲ್ಲನಗೌಡ ತಿಪ್ಪಯ್ಯನನ್ನು ಕೇಳಿದನು. ತಿಪ್ಪಯ್ಯ, ಮಣ್ಣೂ ಇಲ್ಲಿಯದೇ, ನೀರೂ ಇಲ್ಲಿಯದೇ, ನಾದುತ್ತಿರುವವಳ ಮಗನೂ ಇಲ್ಲಿಯೇ ಇದ್ದಾನೆ; ಬೇಡವೆನ್ನುವುದಾದರೆ ನೀವೇ ಹೋಗಿ ಅವಳಿಗೆ ಹೇಳಿ ಎಂದನು. ಗೌಡ ಹೋಗಲಿಲ್ಲ.

ಬೋರಕ್ಕ ಎದ್ದು ಹೆಂಟೆಯನ್ನು ಗಂಡನ ತಲೆಯ ಮೇಲಿಟ್ಟಳು. ಬೆಳಿಗ್ಗೆ ಹುಯ್ಯದ ನೀರು ಈಗ ಹೆಂಟೆಯಿಂದ ಅವನ ಕೆನ್ನೆಗಳ ಮೇಲೆ ಇಳಿಯಿತು.

“ನಡಿ” ಎಂದಳು.

ಅವನು ನಡೆದನು. ಅವಳು ಅವನ ಹಿಂದೆ ನಡೆದಳು. ಸತ್ತವನ ತಾಯಿಯನ್ನು ದಾಟಿ ಕವಣೆ ಬೀಸುವ ಕೈ ಕಕ್ಕೆಹಾಳಿನಲ್ಲಿ ಇರಲಿಲ್ಲ. ಬಾಗು ಮುಗಿಯುವಲ್ಲಿ ಕಕ್ಕೆಹಾಳಿನ ಒಬ್ಬ ಮುದುಕ ತಮ್ಮೂರಿನ ಕಡೆಯ ಮೊದಲ ಬೆಣಚುಕಲ್ಲು ಇಟ್ಟನು. ಆಮೇಲೆ ಉಳಿದವರೂ ಇಟ್ಟರು. ಕಾಟಯ್ಯ ತನ್ನ ಬಡಿಗೆಯನ್ನು ಬಾಗಿನಲ್ಲೇ ಬಿಟ್ಟು ಬಂದಿದ್ದನೆಂದು ಜೋಡಿಹುಣಸೆ ತಲುಪಿದ ಮೇಲೆ ಜನ ಗಮನಿಸಿದರು. ಹೆಂಟೆ ಕೊನೆಯವರೆಗೂ ನಿಂತಿತು. ಮೈಲ ಅದನ್ನು ಹುಣಸೆಯ ಬುಡದಲ್ಲಿ ಇಡಲಿಲ್ಲ. ಹೊತ್ತುಕೊಂಡೇ ಹಿಂದಿರುಗಿ, ಅದು ಒಡೆದ ಜಾಗದಲ್ಲಿ, ಬಾಗಿನ ತುದಿಯಲ್ಲಿ ಇಟ್ಟನು.

ಒರತೆ ಎರೆಗೊಂದಿಗೆ ಹೋಯಿತು. ಕಕ್ಕೆಹಾಳಿನ ದನಗಳಿಗೆ ದಿನ ಬಿಟ್ಟು ದಿನ ನೀರು ಕೊಡಲು ತಿಪ್ಪಯ್ಯ ಒಪ್ಪಿದನು. ಮಲ್ಲನಗೌಡ ಬದುಕಿರುವವರೆಗೆ ಮೈಲನೊಡನೆ ಮಾತಾಡಲಿಲ್ಲ. ವೀರಗಲ್ಲನ್ನು ಕಿತ್ತು ತಮ್ಮ ಊರಿಗೆ ಒಯ್ಯುತ್ತೇವೆ ಎಂದು ಕಕ್ಕೆಹಾಳಿನವರು ಹೇಳಿದಾಗ, ಅದು ನಿಂತಲ್ಲೇ ಇರಲಿ ಎಂದವರು ಎರೆಗೊಂದಿಯವರು. ಮುಂದಿನ ಸೋಮವಾರ ಬೋರಕ್ಕ ಅಲ್ಲಿಗೆ ಹೋದಾಗ ಕಲ್ಲಿನ ಮುಂದಿನ ಕುಳಿಯಲ್ಲಿ ಯಾರೋ ಎಣ್ಣೆ ತುಂಬಿಟ್ಟಿದ್ದರು. ಯಾರೆಂದು ಅವಳಿಗೆ ತಿಳಿಯಿತು. ಅದನ್ನು ನೆಲಕ್ಕೆ ಚೆಲ್ಲಿ, ತಾನು ತಂದ ಎಣ್ಣೆ ಹುಯ್ದು ದೀಪ ಹಚ್ಚಿದಳು. ಎರಡನೆಯ ಸೋಮವಾರವೂ ಚೆಲ್ಲಿದಳು. ಹೀಗೆ ಎಷ್ಟು ಸೋಮವಾರ ಚೆಲ್ಲಿದಳು ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಒಂದು ಸೋಮವಾರ ಚೆಲ್ಲಲಿಲ್ಲ. ಬತ್ತಿ ಹಾಕಿ, ಕಾಟಯ್ಯನ ಎಣ್ಣೆಯಲ್ಲೇ ದೀಪ ಹಚ್ಚಿದಳು ಎಂಬುದನ್ನು ಮಾತ್ರ ಎರಡೂ ಊರಿನವರು ಒಂದೇ ರೀತಿ ಹೇಳುತ್ತಾರೆ.

ಈಗ ಅಲ್ಲಿಗೆ ಹೋದವರಿಗೆ ವೀರಗಲ್ಲು ಕಾಣುತ್ತದೆ. ಅದರಲ್ಲಿ ಬರಹವಿಲ್ಲ; ಕೋಲು ಹಿಡಿದ ಒಬ್ಬ ಹುಡುಗನಿದ್ದಾನೆ, ಮುಖ ಸವೆದಿದೆ. ಮುಂದೆ ಎಣ್ಣೆಯಿಂದ ಕಪ್ಪಾದ ಕುಳಿ ಇದೆ. ಬೇಸಿಗೆಯಲ್ಲಿ ಜೌಗು ಆರಿದಾಗ ಹಗ್ಗ ಹಿಡಿದಂತೆ ನೇರ ಹೋಗಲು ಯಾವ ಅಡ್ಡಿಯೂ ಇಲ್ಲದಿದ್ದರೂ ಎತ್ತಿನ ಗಾಡಿ, ಸೈಕಲ್, ಟ್ರ್ಯಾಕ್ಟರ್ ಎಲ್ಲವೂ ಎಡಕ್ಕೆ ಹೊರಳಿ ಬಳಸಿಯೇ ಹೋಗುತ್ತವೆ. ಬಾಗಿನ ತುದಿಯ ಗುಡ್ಡಕ್ಕೆ ಜನ ತಮ್ಮ ತಮ್ಮ ಹೊಲದ ಒಂದು ಹೆಂಟೆ ತಂದು ಇಡುತ್ತಾರೆ. ಹರಕೆ ಹೊತ್ತವರು ತರುವುದಲ್ಲ ಅದು. ಗೊತ್ತಿದ್ದೂ ಹೇಳದೆ ಉಳಿದ ಮಾತೊಂದು ಇದ್ದವರು ಒಬ್ಬರೇ ಬಂದು, ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಿ, ಹೆಂಟೆ ಇಟ್ಟು, ಆಮೇಲೆ ಅದನ್ನು ಯಾರಿಗೆ ಹೇಳಬೇಕಾಗಿತ್ತೋ ಅವರ ಮನೆಗೆ ಹೋಗಬೇಕು. ಅವರು ಬದುಕಿಲ್ಲದಿದ್ದರೆ ಒರತೆಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತು ಹಿಂದಿರುಗುತ್ತಾರೆ. ಪ್ರತಿ ಮಳೆಗಾಲದಲ್ಲೂ ಗುಡ್ಡ ಒಂದು ಮೊಳದಷ್ಟು ಕರಗುತ್ತದೆ. ಯುಗಾದಿಯ ಹೊತ್ತಿಗೆ ನೋಡಿದರೆ ಮತ್ತೆ ಅಷ್ಟೇ ಎತ್ತರವಿರುತ್ತದೆ.